ತಿನ್ನಾಕ ಬರ್ತೈತೇನ್ರಿ?

ಮೊಬೈಲ್ ಕೀಬೋರ್ಡ್‌ನಲ್ಲಿ ಅಣಬೆಯ ಎಮೋಜಿ ಹುಡುಕಿ ನೋಡಿ. ಕೆಂಪು ಟೊಪ್ಪಿಗೆ, ಮೇಲೆ ಬಿಳಿ ಚುಕ್ಕೆ. ಸೂಪರ್ ಮಾರಿಯೋ ಆಡಿದವರಿಗೂ ಅದೇ ಗೊತ್ತು, ಮಕ್ಕಳ ಕಾರ್ಟೂನಿನಲ್ಲೂ ಅದೇ. ಇನ್‌ಸ್ಟಾಗ್ರಾಂನಲ್ಲಿ ಅಣಬೆಯ ಫೋಟೋ ಹುಡುಕಿದರೆ ಯುರೋಪಿನ ಕಾಡು, ಮಂಜು, ಹಳದಿ ಎಲೆಗಳ ರಾಶಿ, ನಡುವೆ ಮತ್ತೆ ಅದೇ ಕೆಂಪು ಅಣಬೆ. ಅದರ ಹೆಸರು ಅಮಾನಿಟಾ ಮಸ್ಕೇರಿಯಾ. ಪೈನ್, ಬರ್ಚ್‌ನಂಥ ಮರಗಳ ಬೇರಿನ ಜೊತೆ ನಂಟು ಬೆಳೆಸಿಕೊಂಡೇ ಅದು ಬದುಕುವುದು. ಮರ ಅದಕ್ಕೆ ಸಕ್ಕರೆ ಕೊಡುತ್ತೆ, ಅದು ಮರಕ್ಕೆ ನೀರು, ಖನಿಜ ಎಳೆದುಕೊಡುತ್ತೆ. ನಮ್ಮ ವಿಜಯಪುರದಲ್ಲಿ ಪೈನೂ ಇಲ್ಲ, ಬರ್ಚೂ ಇಲ್ಲ. ಆ ಕೆಂಪು ಟೊಪ್ಪಿಗೆ ಇಲ್ಲಿ ಸಿಗೋದಿಲ್ಲ.

"ಹಾಗಾದ್ರೆ ನಿಮ್ಮೂರಲ್ಲಿ ಏನೇ ಸಿಗುತ್ತೆ, ಬಿಸಿಲು ಬಿಟ್ಟು?" ಅಂತ ಬೆಂಗಳೂರಿನ ಗೆಳತಿಯೊಬ್ಬಳು ಕೇಳಿದ್ದಳು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮ ಜಿಲ್ಲೆಗೆ ಇಡೀ ವರ್ಷ ಬೀಳೋ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿಗೆ ಇದರ ಮೂರು ಪಟ್ಟಿಗಿಂತ ಹೆಚ್ಚು ಸುರಿಯುತ್ತೆ. ಕಾಡು ಅಂತ ಕರೆಯುವಂಥದ್ದು ಒಂದು ಕಾಲಕ್ಕೆ ಜಿಲ್ಲೆಯ ಶೇಕಡಾ ಒಂದು ಭಾಗವೂ ಇರಲಿಲ್ಲ. ಆದರೂ ಕಳೆದ ಕೆಲವು ವರ್ಷಗಳಿಂದ ಸೆಪ್ಟೆಂಬರ್ ಬಂತೆಂದರೆ ನನ್ನ ಶನಿವಾರ, ಭಾನುವಾರದ ಮುಂಜಾನೆಗಳು ಅಣಬೆಗೇ ಮೀಸಲು. ಲ್ಯಾಪ್‌ಟಾಪ್ ಮುಚ್ಚಿ, ಬೂಟು ಹಾಕಿ, ಫೋನ್ ಜೇಬಿಗಿಟ್ಟು ಹೊರಟರೆ ಆಯ್ತು.

ನಮ್ಮ ಕಡೆ ಮಳೆಯ ಲೆಕ್ಕವೇ ಬೇರೆ. ಮಲೆನಾಡಿಗೆ ಜುಲೈ ಹೇಗೋ ನಮಗೆ ಸೆಪ್ಟೆಂಬರ್ ಹಾಗೆ. ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳೋ ತಿಂಗಳು ಅದೇ. ಉತ್ತರಿ ಮಳೆ ಸೆಪ್ಟೆಂಬರ್ ಮಧ್ಯಕ್ಕೆ ಶುರುವಾದರೆ, ಹಸ್ತಾ, ಚಿತ್ತಿ ಮುಗಿಯೋ ಹೊತ್ತಿಗೆ ಅಕ್ಟೋಬರ್ ಕೊನೆ. ಪಂಚಾಂಗದಲ್ಲಿ ಶರದ್ ಋತು ಕೂಡ ಇದೇ ಹೊತ್ತಿಗೆ. ಒಂದು ಜೋರು ಮಳೆ, ಆಮೇಲೆ ಎರಡು ಮೂರು ದಿನ ಮೋಡ ಮತ್ತು ಸೆಕೆ. ಇಷ್ಟು ಸಾಕು, ನೆಲ ಒಡೆದುಕೊಂಡು ಬಿಳಿ ತಲೆಗಳು ಮೇಲೆ ಬರುತ್ತವೆ.

ಹೋಗೋದು ಎಲ್ಲಿಗೆ? ನಗರದೊಳಗೇ ಇರಬೇಕೆಂದರೆ ಭೂತನಾಳ ಕೆರೆಯ ಸುತ್ತಲಿನ ನೆಡುತೋಪು. ಸ್ವಲ್ಪ ದೂರ ಆದ್ರೂ ಪರವಾಗಿಲ್ಲ ಅಂದರೆ ಬಬಲೇಶ್ವರ ತಾಲೂಕಿನ ಮಮದಾಪುರ. ಅಲ್ಲಿ ಮೊಹಮ್ಮದ್ ಆದಿಲ್ ಶಾಹಿ ಕಾಲದ ದೊಡ್ಡ ಕೆರೆ ಇದೆ, ಹತ್ತಿರದಲ್ಲೇ ಅರಣ್ಯ ಜಾಗ ಇದೆ. 'ಕೋಟಿ ವೃಕ್ಷ ಅಭಿಯಾನ' ಶುರುವಾದ ಮೇಲೆ ಜಿಲ್ಲೆಯ ತುಂಬ ನೆಟ್ಟ ಬೇವು, ಹೊಂಗೆ, ಹುಣಸೆ, ಆಲಗಳಲ್ಲಿ ಬದುಕಿದವು ಈಗ ನೆರಳು ಕೊಡೋ ಮಟ್ಟಕ್ಕೆ ಬಂದಿವೆ. ಇನ್ನು ತಿಕೋಟಾ ಕಡೆ ಕಾಡಿಲ್ಲ, ಮಡ್ಡಿ ಮತ್ತು ದ್ರಾಕ್ಷಿ ತೋಟ. ಆದರೆ ಅಲ್ಲಿನ ಬದುಗಳ ಮೇಲಿನ ಹುತ್ತಗಳು ನನಗೆ ಯಾವ ಕಾಡಿಗೂ ಕಮ್ಮಿ ಅನಿಸಿಲ್ಲ.

ಹುತ್ತದ ಕಥೆ ಕೇಳಿ. ಹುತ್ತದ ಮೇಲೆ ಉದ್ದ ಕಾಲಿನ, ನಡು ತುದಿ ಚೂಪಾದ ಅಣಬೆ ಬರುತ್ತಲ್ಲ, ಅದನ್ನು ಗೆದ್ದಲು ಬೆಳೆಸುತ್ತವೆ. ತಮಾಷೆಗೆ ಹೇಳ್ತಿಲ್ಲ, ನಿಜವಾಗಿ ಒಕ್ಕಲುತನ ಮಾಡುತ್ತವೆ. ಕಟ್ಟಿಗೆ, ಒಣಹುಲ್ಲನ್ನು ಪೂರ್ತಿ ಜೀರ್ಣ ಮಾಡಿಕೊಳ್ಳೋ ಶಕ್ತಿ ಆ ಗೆದ್ದಲಿಗಿಲ್ಲ. ಅದನ್ನು ಅಗಿದು, ಹುತ್ತದೊಳಗೆ ಜೇನುಗೂಡಿನಂಥ ಮಡಿ ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ, ಆ ಬೆಳೆಯನ್ನು ತಿನ್ನುತ್ತವೆ. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷ ಆಗಿರಬಹುದು. ಗೆದ್ದಲಿನ ಈ ಬೇಸಾಯಕ್ಕೆ ಮೂರು ಕೋಟಿ ವರ್ಷ. ಟರ್ಮಿಟೋಮೈಸಿಸ್ ಅಂತ ವಿಜ್ಞಾನಿಗಳು ಕರೆಯುವ ಈ ಅಣಬೆ ಮಳೆ ಬಿದ್ದಾಗ ಹುತ್ತದ ಆಳದಿಂದ ಬೇರಿನಂಥ ಉದ್ದ ಬಾಲದ ಸಮೇತ ಮೇಲೆ ಬರುತ್ತೆ. ನಾಗರ ಪಂಚಮಿಗೆ ನಾವು ಹಾಲೆರೆದು ಬರೋ ಹುತ್ತ ಒಂದು ಹೊಲವೂ ಹೌದು.

ಅದೇ ಹುತ್ತದ ಮೇಲೆ ಇನ್ನೊಂದು ಥರದ್ದು ಕಾಣಬಹುದು. ಬಿಚ್ಚದ ಛತ್ರಿಯ ಹಾಗೆ ಮುಚ್ಚಿಕೊಂಡೇ ನಿಂತಿರುತ್ತೆ, ಮೇಲೆಲ್ಲ ಹಕ್ಕಳೆ ಹಕ್ಕಳೆ. ಪೊಡಾಕ್ಸಿಸ್ ಅದರ ಹೆಸರು. ಮರುಭೂಮಿಯಲ್ಲೂ ಬೆಳೆಯೋ ಜಾತಿ, ಹಾಗಾಗಿ ನಮ್ಮ ಮಡ್ಡಿ ಅದಕ್ಕೆ ಒಪ್ಪುತ್ತೆ. ಇನ್ನು ತಿಪ್ಪೆಯ ಮೇಲೆ ಬೆಳಗಿನ ಆರಕ್ಕೆ ಗಾಜಿನಂತೆ ತೆಳ್ಳಗೆ ನಿಂತ ಬೂದುಬಣ್ಣದ ಅಣಬೆ, ಬಿಸಿಲೇರುವಷ್ಟರಲ್ಲಿ ಕರಗಿ ಕಪ್ಪು ಮಸಿಯಾಗಿರುತ್ತೆ. ಅದರ ಫೋಟೋ ಬೇಕೆಂದರೆ ಅಲಾರಂ ಇಡಲೇಬೇಕು. ಹುಣಸೆ, ಬೇವು, ಜಾಲಿಯ ಬೊಡ್ಡೆಗೆ ಗೂಡಿನ ಹಲಗೆಯಂತೆ ಅಂಟಿಕೊಂಡ ಗಟ್ಟಿ ಅಣಬೆಗೆ ಮಾತ್ರ ಅವಸರವಿಲ್ಲ, ತಿಂಗಳುಗಟ್ಟಲೆ ಇರುತ್ತೆ. ಇವೆಲ್ಲಕ್ಕಿಂತ ನನಗೆ ಪ್ರೀತಿ ಹಕ್ಕಿಗೂಡಿನ ಅಣಬೆ. ಕೊಳೆತ ಕಡ್ಡಿಯ ಮೇಲೆ ಅಂಗಿಯ ಗುಂಡಿಗಿಂತ ಸಣ್ಣ ಬಟ್ಟಲು, ಅದರೊಳಗೆ ಪುಟ್ಟ ಪುಟ್ಟ ಮೊಟ್ಟೆಯಂಥವು. ಮಳೆ ಹನಿ ಬಟ್ಟಲೊಳಗೆ ಬಿದ್ದರೆ ಆ ಮೊಟ್ಟೆ ಹೊರಗೆ ಚಿಮ್ಮುತ್ತೆ. ಬೀಜ ಬಿತ್ತೋಕೆ ಮಳೆಯನ್ನೇ ಕೈ ಮಾಡಿಕೊಂಡಿದೆ ಅನ್ನಿ.

ಇಂಥದ್ದನ್ನು ತೆಗೆಯೋಕೆ ನೆಲದ ಮೇಲೆ ಮಲಗಬೇಕು. ಮಮದಾಪುರದ ಹತ್ತಿರ ಒಮ್ಮೆ ಹಾಗೆ ಬೋರಲು ಮಲಗಿದ್ದಾಗ ಕುರಿ ಕಾಯೋ ಹಿರಿಯರೊಬ್ಬರು ಗಾಬರಿಯಾಗಿ ಓಡಿಬಂದರು.

"ಏನ್ ಬಿತ್ತು ತಂಗಿ? ಕಿವ್ಯಾಂದ ಬಿತ್ತೇನು?"

"ಏನೂ ಬಿದ್ದಿಲ್ಲ ಕಾಕಾ, ನಾಯಿಕೊಡಿ ಫೋಟೋ ತಗೀಲಾಕತ್ತೀನಿ."

ಅವರು ಬಗ್ಗಿ ನೋಡಿದರು, ನನ್ನನ್ನೂ ನೋಡಿದರು. "ತಿನ್ನಾಕ ಬರ್ತೈತೇನು?" ಅಂದರು. "ಗೊತ್ತಿಲ್ರಿ" ಅಂದೆ. "ಗೊತ್ತಿಲ್ಲಂದ್ರ ಬಿಡು ಮತ್ತ" ಅಂತ ಕುರಿ ಹಿಂದೆ ಹೋದರು.

ಈ ಪ್ರಶ್ನೆ ನನಗೆ ಸಾವಿರ ಸಲ ಬಂದಿದೆ. ಸ್ಟೇಟಸ್‌ಗೆ ಒಂದು ಅಣಬೆ ಹಾಕಿದರೆ ಸಾಕು, ಐದು ನಿಮಿಷದಲ್ಲಿ ಅತ್ತಿಗೆ, ಆಫೀಸಿನ ಟೀಮ್ ಲೀಡ್, ಹಳೇ ಕ್ಲಾಸ್‌ಮೇಟ್, ಎಲ್ಲರದೂ ಒಂದೇ ಸಾಲು: "ತಿನ್ನಾಕ ಬರ್ತೈತೇನ್ರಿ?" ನವಿಲಿನ ಫೋಟೋ ಹಾಕಿದರೆ ಯಾರೂ ಇದನ್ನು ಕೇಳೋದಿಲ್ಲ. ಅಣಬೆಗೆ ಮಾತ್ರ. ಹಿರಿಯರು ಹೆಸರಿಡುವಾಗಲೇ ಉತ್ತರ ಹೇಳಿಬಿಟ್ಟಿದ್ದಾರೇನೋ ಅನಿಸುತ್ತೆ. ನಾವು ನಾಯಿಕೊಡೆ ಅಂತೀವಿ, ಪಕ್ಕದ ಮರಾಠಿಯವರು ಕುತ್ರ್ಯಾಚೀ ಛತ್ರೀ ಅಂತಾರೆ, ಅದೂ ನಾಯಿಯ ಛತ್ರಿಯೇ. ಇಂಗ್ಲಿಷಿನವರ ಟೋಡ್‌ಸ್ಟೂಲ್ ಅಂದರೆ ಕಪ್ಪೆಯ ಪೀಠ. ನಾಯಿಗೆ ಕೊಡೆ, ಕಪ್ಪೆಗೆ ಪೀಠ. ಮನುಷ್ಯರಿಗೆ ಊಟ ಅಂತ ಎಲ್ಲೂ ಇಲ್ಲ.

ತಿಕೋಟಾ ಕಡೆ ಹೋದರೆ ಮಾತು ಬೇರೆಯೇ. ಅಲ್ಲಿ ಮಳೆಗಾಲದ ಬೂಜು, ಶಿಲೀಂಧ್ರ ಅಂದರೆ ನೇರ ದುಡ್ಡಿನ ಪ್ರಶ್ನೆ. ಅಕ್ಟೋಬರ್ ಅಂದರೆ ದ್ರಾಕ್ಷಿ ಚಾಟನಿಯ ಕಾಲ. ಚಾಟನಿ ಆಗಿ ಎಳೆ ಚಿಗುರು ಬಂದಾಗ ಮಳೆ ಹಿಡಿದರೆ ಡೌನಿ ಬರುತ್ತೆ. ಎಲೆ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಮಚ್ಚೆ, ಕೆಳಗೆ ಬಿಳಿ ಬೂಜು, ಹೂವಿನ ಗೊಂಚಲಿಗೆ ತಗುಲಿದರೆ ಆ ವರ್ಷದ ಒಣದ್ರಾಕ್ಷಿಯ ಆಸೆ ಅಲ್ಲಿಗೇ ಮುಗಿದಂತೆ. ನಮ್ಮ ಸಂಬಂಧಿಕರೊಬ್ಬರ ತೋಟದ ಬದುವಿನಲ್ಲಿ ನಾನು ಹುತ್ತದ ಫೋಟೋ ತೆಗೆಯುವಾಗ ಅವರು ಟ್ರ್ಯಾಕ್ಟರ್‌ಗೆ ಔಷಧದ ಪೈಪು ಜೋಡಿಸುತ್ತಿದ್ದರು. "ನಿನಗ ಮಳಿ ಬೇಕು, ನಮಗ ಮಳಿ ಬ್ಯಾಡ. ದೇವರು ಯಾರ ಮಾತು ಕೇಳ್ಬೇಕವ್ವ?" ಅಂದರು. ನಕ್ಕೇ ಹೇಳಿದರು, ಆದರೆ ಆ ವಾರ ಮೂರನೇ ಸಲ ಔಷಧ ಹೊಡೆಯುತ್ತಿದ್ದರು. ಅವರೆದುರು "ಆಹಾ, ಎಂಥ ಮಳೆ" ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಡೌನಿಯ ಬಗ್ಗೆ ಓದಿದಾಗ ಗೊತ್ತಾದ ಒಂದು ಸಂಗತಿ ಅವರಿಗೂ ಹೇಳಿದೆ. ಅದು ನೋಡೋಕೆ ಬೂಜಿನ ಥರ ಇದ್ದರೂ ವಿಜ್ಞಾನಿಗಳು ಈಗ ಅದನ್ನು ಶಿಲೀಂಧ್ರಗಳ ಸಾಲಿಗೆ ಸೇರಿಸೋದಿಲ್ಲ. ಪಾಚಿಗೆ ಹತ್ತಿರದ ಬೇರೆ ವಂಶ ಅದು. ಬೂದಿ ರೋಗ ಮಾತ್ರ ನಿಜವಾದ ಶಿಲೀಂಧ್ರ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಡೌನಿಗೆ ಮದ್ದು ಅಂತ ಗೊತ್ತಾದದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. "ಹೆಸರು ಏನರ ಇರ್ಲಿ, ಖರ್ಚು ಅಷ್ಟ" ಅಂದರು ಅವರು. ಅದೂ ಖರೆ.

ಈಗ ನಾನು ಈ ಅಂಕಣ ಬರೆಯೋಕೆ ಕಾರಣವಾದ ವಿಷಯಕ್ಕೆ ಬರ್ತೀನಿ.

ಒಂದು ಭಾನುವಾರ ಸಂಜೆ ಬಬಲೇಶ್ವರ ಕಡೆಯ ನನ್ನ ಚಿಕ್ಕಪ್ಪನ ಮಗನಿಂದ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಬಂತು. ಪ್ಲಾಸ್ಟಿಕ್ ಚೀಲದ ತುಂಬ ಬಿಳಿ ಅಣಬೆ. ಊಟದ ತಟ್ಟೆಯಷ್ಟು ಅಗಲ, ಮೇಲೆ ಕಂದು ಹಕ್ಕಳೆ, ಕಾಲಿಗೆ ಬಳೆ ತೊಡಿಸಿದಂತೆ ಒಂದು ಉಂಗುರ. ಕೆಳಗೆ ಒಂದು ಸ್ಕ್ರೀನ್‌ಶಾಟ್: ಯಾವುದೋ ಆ್ಯಪ್ ಅದಕ್ಕೊಂದು ಹೆಸರು ಕೊಟ್ಟು, ತಿನ್ನಬಹುದು ಅಂತ ಹಸಿರು ಟಿಕ್ ಹಾಕಿತ್ತು. "ಅಕ್ಕಾ, ರಾತ್ರಿ ಪಲ್ಯಾ ಮಾಡಾಕ ಹತ್ತ್ಯಾರ. ನೀ ಒಂದ್ಸಲ ನೋಡಿ ಹೂಂ ಅನ್ನು."

ಫೋನ್ ಮಾಡಿದೆ. ಒಲೆ ಮೇಲಿಡಬೇಡ ಅಂದೆ. ಒಂದು ಬಲಿತ ಅಣಬೆಯ ಟೊಪ್ಪಿಗೆ ಕತ್ತರಿಸಿ, ಬಿಳಿ ಹಾಳೆಯ ಮೇಲೆ ಪದರ ಕೆಳಗೆ ಮಾಡಿ ಇಟ್ಟು, ಮೇಲೊಂದು ಬುಟ್ಟಿ ಮುಚ್ಚು, ಬೆಳಗ್ಗೆ ನೋಡು, ಕೈ ಚೆನ್ನಾಗಿ ತೊಳ್ಕೋ ಅಂದೆ. ಅವನಿಗೆ ಸಿಟ್ಟು ಬಂದಿತ್ತು, ದನಿಯಲ್ಲೇ ಗೊತ್ತಾಯಿತು. ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ಒಂದು ಮೂರು ವರ್ಷದ ಕೂಸು, ಎಲ್ಲರೂ ಆ ರಾತ್ರಿ ಬದನೆಕಾಯಿ ಪಲ್ಯ ತಿಂದು ಮಲಗಿದರು. ಬೆಳಗ್ಗೆ ಹಾಳೆಯ ಫೋಟೋ ಬಂತು. ಅದರ ಮೇಲೆ ಚಕ್ರದಂತೆ ಬಿದ್ದ ಪುಡಿಯ ಬಣ್ಣ ಮಂಕು ಹಸಿರು.

ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ಹಸಿರು ಬೀಜಕಣದ ಈ ಅಣಬೆ ಹುಲ್ಲುಹಾಸು, ಹೊಲದಂಚು, ತೋಪಿನ ಬಯಲಲ್ಲಿ ಮಳೆ ಬಿದ್ದ ಮೇಲೆ ಬರುತ್ತೆ. ಎಳೆಯದಾಗಿದ್ದಾಗ ಕೆಳಗಿನ ಪದರವೂ ಬಿಳಿ, ಬಲಿತ ಮೇಲೆ ಹಸಿರು. ತಿಂದರೆ ಕೆಲವೇ ತಾಸಿನಲ್ಲಿ ವಾಂತಿ, ಭೇದಿ ಹಿಡಿದು ದೊಡ್ಡವರೇ ಹೈರಾಣಾಗುತ್ತಾರೆ, ಮಕ್ಕಳ ಗತಿ ಹೇಳೋದೇ ಬೇಡ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಹಾಳೆಯ ಮೇಲೆ ಹಸಿರು ಬಿದ್ದಿದ್ದಕ್ಕೆ ನಾನು ಬೇಡ ಅಂದದ್ದಲ್ಲ. ಬಿಳಿ ಬಿದ್ದಿದ್ದರೂ ಬೇಡವೇ. ಜಗತ್ತಿನ ಅತಿ ವಿಷದ ಅಮಾನಿಟಾಗಳ ಬೀಜಕಣದ ಬಣ್ಣ ಬಿಳಿಯೇ. ಬಣ್ಣ ನೋಡೋದು ಹೆಸರು ಹುಡುಕೋಕೆ ಒಂದು ದಾರಿ, ಊಟಕ್ಕೆ ಪರವಾನಗಿ ಅಲ್ಲ.

ಅಂಥ ವಿಷದ್ದು ತಿಂದರೆ ಆಗೋದೇ ಬೇರೆ. ಆರರಿಂದ ಹನ್ನೆರಡು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗೋದಿಲ್ಲ. ಎಲ್ಲರೂ ಚೆನ್ನಾಗಿದೀವಿ ಅಂದುಕೊಂಡು ಮಲಗಿರುತ್ತಾರೆ. ಆಮೇಲೆ ವಾಂತಿ, ಭೇದಿ. ಒಂದು ದಿನಕ್ಕೆ ಕಮ್ಮಿಯಾದಂತೆ ಕಾಣುತ್ತೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗಿರುತ್ತೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕುಟುಂಬದವರು. ಅಣಬೆ ಅವರಿಗೆ ಹೊಸದೇನಲ್ಲ, ವರ್ಷಾ ಆರಿಸಿ ತಿನ್ನೋ ಕಡೆಯವರೇ. ಅಷ್ಟು ರೂಢಿ ಇದ್ದವರಿಗೇ ಹೀಗಾದರೆ, ಅಣಬೆಯೇ ಅಪರೂಪವಾದ ನಮ್ಮ ಬಯಲಿನವರು ಒಂದು ಆ್ಯಪ್ ನಂಬಿ ಒಲೆ ಹಚ್ಚೋದು ಹೇಗೆ?

ಆ್ಯಪ್ ಯಾಕೆ ಎಡವುತ್ತೆ ಅಂತ ಫೋಟೋ ತೆಗೆಯೋರಿಗೆ ಬೇಗ ಅರ್ಥವಾಗುತ್ತೆ. ಒಂದೇ ಅಣಬೆ ಬೆಳಗ್ಗೆ ಮೊಟ್ಟೆಯಂತೆ, ಮಧ್ಯಾಹ್ನ ಛತ್ರಿಯಂತೆ, ಸಂಜೆ ತಟ್ಟೆಯಂತೆ ಇರುತ್ತೆ. ಮಳೆಗೆ ಮೇಲಿನ ಹಕ್ಕಳೆ ತೊಳೆದುಹೋಗುತ್ತೆ. ಉಂಗುರ ಕಳಚಿ ಬೀಳುತ್ತೆ. ಗುರುತಿಗೆ ಬೇಕಾದ ಕಾಲಿನ ಬುಡ ಮಣ್ಣೊಳಗೆ ಇರುತ್ತೆ, ವಾಸನೆ ಫೋಟೋದಲ್ಲಿ ಬರೋದಿಲ್ಲ. ಮೇಲಿಂದ ತೆಗೆದ ಒಂದು ಚಿತ್ರದಿಂದ ಹೆಸರು ಹೇಳೋದೆಂದರೆ ಹೆಲ್ಮೆಟ್ ನೋಡಿ ಮನುಷ್ಯನನ್ನು ಗುರುತಿಸಿದಂತೆ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು, ಬೆಳ್ಳುಳ್ಳಿ ಹಾಕಿ ಕುದಿಸಿದರೆ ಗೊತ್ತಾಗುತ್ತೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನೋ ಮಾತುಗಳೂ ಅಷ್ಟೇ. ಮೂರೂ ಸುಳ್ಳು. ಆ ಘೋರ ವಿಷ ಕುದಿಸಿದರೂ ಹೋಗೋದಿಲ್ಲ. ಆಕಸ್ಮಾತ್ ಯಾರಾದರೂ ತಿಂದಿದ್ದರೆ ಲಕ್ಷಣಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಉಳಿದ ಅಣಬೆಯನ್ನೂ ಅದರ ಫೋಟೋವನ್ನೂ ಆಸ್ಪತ್ರೆಗೆ ಒಯ್ಯಿರಿ. ನಾಲಿಗೆ ಚಪಲಕ್ಕೆ ಅಂಗಡಿಯ ಬಟನ್ ಮಶ್ರೂಮ್ ಇದ್ದೇ ಇದೆಯಲ್ಲ.

ಹಾಗಾದರೆ ಕಾಡಣಬೆ ನಮಗೆ ಯಾತಕ್ಕೆ? ನೋಡೋಕೆ. ಚೆನ್ನಾಗಿ ನೋಡೋಕೆ. ಅದಕ್ಕೆ ದುಬಾರಿ ಕ್ಯಾಮೆರಾ ಬೇಡ, ನಿಮ್ಮ ಕೈಯಲ್ಲಿರೋ ಫೋನ್ ಸಾಕು. ನಾನು ಮಾಡೋದು ಇಷ್ಟು.

ಮೊದಲು ಜಾಗ ನೋಡುತ್ತೇನೆ. ಹುತ್ತ, ಕಲ್ಲು, ಒಣ ಎಲೆ ಇರೋ ಕಡೆ ಕೊಳಕುಮಂಡಲ, ಗರಗಸ ಮಂಡಲ ಇರಬಹುದು. ಕೋಲಿನಿಂದ ಸುತ್ತ ತಟ್ಟಿ, ಆಮೇಲೆ ಕೂರುತ್ತೇನೆ. ಹುತ್ತದ ತೂತಿನ ಎದುರು ಕೈ, ಮುಖ ಇಡೋದಿಲ್ಲ. ಹೊಲವಾದರೆ ಮಾಲೀಕರನ್ನು ಕೇಳುತ್ತೇನೆ, ಅರಣ್ಯ ಇಲಾಖೆಯ ಜಾಗವಾದರೆ ಅಲ್ಲಿನ ಸಿಬ್ಬಂದಿಯನ್ನು.

ಆಮೇಲೆ ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ. ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತೆ, ಅಣಬೆಯ ಮಟ್ಟಕ್ಕೆ ನಿಮ್ಮ ಕಣ್ಣು ಇಳಿಯುತ್ತೆ. ಎರಡು ಇಂಚಿನ ಅಣಬೆ ಆಲದ ಮರದಂತೆ ಕಾಣೋದು ಆಗಲೇ. ಬಿಳಿ ಅಣಬೆಯಾದರೆ ಅದರ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ, ಇಲ್ಲವಾದರೆ ಸುಣ್ಣ ಬಳಿದಂತೆ ಬರುತ್ತೆ. ಫ್ಲ್ಯಾಶ್ ಬೇಡ. ಬೆಳಗಿನ ಓರೆ ಬೆಳಕು ಹಿಂದಿನಿಂದ ಬಿದ್ದರೆ ತೆಳ್ಳನೆಯ ಅಣಬೆ ಕಂದೀಲಿನಂತೆ ಹೊಳೆಯುತ್ತೆ. ತೀರ ಹತ್ತಿರ ಹೋದಾಗ ಮಸುಕಾದರೆ ಒಂದು ಗೇಣು ಹಿಂದೆ ಸರಿದು ಎರಡು ಪಟ್ಟು ಝೂಮ್ ಹಾಕಿ.

ಒಂದು ಅಣಬೆಗೆ ಐದು ಚಿತ್ರ: ಮೇಲಿಂದ, ಪಕ್ಕದಿಂದ, ಕೆಳಗಿನ ಪದರ, ಕಾಲಿನ ಬುಡ, ಸುತ್ತಲಿನ ಜಾಗ. ಕೆಳಗಿನ ಪದರಕ್ಕಾಗಿ ಕಿತ್ತುಹಾಕೋದು ಬೇಡ, ಪುಟ್ಟ ಕನ್ನಡಿಯೊಂದನ್ನು ನೆಲದ ಮೇಲಿಟ್ಟರೆ ಅದರಲ್ಲೇ ಕಾಣುತ್ತೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಒಂದು ಚಿತ್ರ ತೆಗೆದರೆ ಅಳತೆ ಗೊತ್ತಾಗುತ್ತೆ. ಯಾವ ಮರದ ಕೆಳಗೆ, ಸಗಣಿಯೋ ಕಟ್ಟಿಗೆಯೋ ಹುತ್ತವೋ, ಮಳೆಯಾಗಿ ಎಷ್ಟು ದಿನ ಅಂತ ಫೋನಿನಲ್ಲೇ ಬರೆದಿಡಿ.

ಆ ಐದೂ ಚಿತ್ರಗಳನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಅಲ್ಲಿ ಅಣಬೆ ಬಲ್ಲವರು ನೋಡುತ್ತಾರೆ, ಹೆಸರು ಚರ್ಚೆ ಮಾಡುತ್ತಾರೆ. ಕೆಲವಕ್ಕೆ ಪೂರ್ತಿ ಹೆಸರು ಸಿಗೋದೇ ಇಲ್ಲ, ಕುಲದ ಹೆಸರಿಗೇ ನಿಲ್ಲುತ್ತೆ. ಇರಲಿ. ಅಣಬೆ ಅಂದರೆ ಎಲ್ಲರೂ ಪಶ್ಚಿಮ ಘಟ್ಟಕ್ಕೆ ಓಡುತ್ತಾರೆ, ಬಯಲುಸೀಮೆಯ ಹುತ್ತದ ಎದುರು ಮಂಡಿಯೂರೋರು ಕಮ್ಮಿ. ಹಾಗಾಗಿ ತಿಕೋಟಾದ ಒಂದು ಬದುವಿನ ಚಿತ್ರಕ್ಕೂ ಬೆಲೆ ಇದೆ.

ಇನ್ನೊಂದು ಕಾರಣವೂ ಇದೆ. ಗಿಡ ನೆಟ್ಟ ಲೆಕ್ಕ ಸುಲಭ, ಎಷ್ಟು ಗುಂಡಿ, ಎಷ್ಟು ಸಸಿ ಅಂತ ಎಣಿಸಬಹುದು. ನೆಟ್ಟದ್ದು ಕಾಡಾಗುತ್ತಿದೆಯಾ ಅನ್ನೋದನ್ನು ಹಾಗೆ ಎಣಿಸೋಕಾಗಲ್ಲ. ಎಲೆ ಉದುರಿ, ಕೊಂಬೆ ಬಿದ್ದು, ಅದನ್ನು ಯಾರೋ ಕೊಳೆಸಿ ಮಣ್ಣು ಮಾಡಬೇಕು. ಆ ಕೆಲಸ ಮಾಡೋರಲ್ಲಿ ಶಿಲೀಂಧ್ರಗಳೇ ಮುಂದು. ನಮ್ಮ ಕಣ್ಣಿಗೆ ಬೀಳೋ ಛತ್ರಿ ಹಣ್ಣಿದ್ದಂತೆ, ನಿಜವಾದ ಗಿಡ ದಾರದಂಥ ಎಳೆಗಳಾಗಿ ಮಣ್ಣೊಳಗೆ ಹಬ್ಬಿರುತ್ತೆ. ಬೇವು, ಹುಣಸೆಯ ಬೇರಿನೊಳಗೆ ಸೇರಿಕೊಂಡು ಗಿಡಕ್ಕೆ ರಂಜಕ ಎಳೆದುಕೊಡೋ ಶಿಲೀಂಧ್ರಗಳಂತೂ ಛತ್ರಿಯನ್ನೇ ಬಿಡಿಸೋದಿಲ್ಲ, ಕಾಣದಂತೆ ದುಡಿಯುತ್ತವೆ. ಹತ್ತು ವರ್ಷದ ಹಿಂದೆ ಬರೀ ಗರಸು ಕಲ್ಲಿದ್ದ ಜಾಗದಲ್ಲಿ ಇವತ್ತು ಕೊಳೆತ ಕಡ್ಡಿಯ ಮೇಲೆ ಒಂದು ಹಕ್ಕಿಗೂಡಿನ ಅಣಬೆ ಕಂಡರೆ, ಅಲ್ಲಿ ಕೊಳೆಯೋಕೆ ಕಡ್ಡಿ ಇದೆ, ತೇವ ಇದೆ, ನೆರಳಿದೆ ಅಂತ ಅರ್ಥ. ಕಾಡು ಶುರುವಾಗೋದು ಹಾಗೇ ಅಲ್ವಾ?

ನನ್ನ ಚಿಕ್ಕಪ್ಪನ ಮಗ ಈಗ ಚೀಲ ಒಯ್ಯೋದು ಬಿಟ್ಟಿದ್ದಾನೆ, ಕನ್ನಡಿ ಒಯ್ಯುತ್ತಾನೆ. ಹಸಿರು ಪುಡಿ ಬಿದ್ದ ಆ ಹಾಳೆಯನ್ನು ಅವನ ಹೆಂಡತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳಂತೆ. ಊರಿನ ಹುಡುಗರಿಗೆ ತೋರಿಸೋಕೆ.

ಈ ವಾರ ಮಳೆಯಾದರೆ, ಮೂರನೇ ದಿನ ಬೆಳಗ್ಗೆ ಆರಕ್ಕೆ ನಿಮ್ಮ ಮನೆ ಹತ್ತಿರದ ತಿಪ್ಪೆಗೋ ಪಾರ್ಕಿಗೋ ಹೋಗಿ ನೋಡಿ. ಸಿಕ್ಕಿದ್ದರ ಫೋಟೋ ಸ್ಟೇಟಸ್‌ಗೆ ಹಾಕುವಾಗ ಕೆಳಗೆ ಒಂದು ಸಾಲು ಬರೆಯೋದು ಮರೀಬೇಡಿ: "ನೋಡಾಕ ಅಷ್ಟ ರೀ, ತಿನ್ನಾಕಲ್ಲ."